ಎಂಟು ಗಂಟೆಯ ಕುರ್ಚಿ

ಫೆಬ್ರವರಿ 6

ಪ್ರೀತಿಯ ಗುಬ್ಬಿಗೆ ಅತ್ತಿಗೆಯ ಆಶೀರ್ವಾದ.

ನಿನ್ನ ಕಿವಿಗೆ ಫೋನು ಸರಿಯಾಗಿ ಕೇಳದಿರುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ. ಫೋನಿನಲ್ಲಾದರೆ ನೀನು ಅಳುತ್ತಿದ್ದೆ, ನಾನು ಕಿರುಚುತ್ತಿದ್ದೆ, ಹೇಳಬೇಕಾದ ವಿಷಯ ಅಲ್ಲೇ ಉಳಿದುಬಿಡುತ್ತಿತ್ತು. ಪತ್ರದಲ್ಲಿ ಸಾವಕಾಶವಾಗಿ ಹೇಳುತ್ತೇನೆ.

ನಿನ್ನ ಅಣ್ಣನ ಆಪರೇಷನ್ ಗಾಯ ಒಣಗಿದೆ. ಉಳಿದ ಒಂದು ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿದೆಯಂತೆ. ಆದರೆ ಕ್ಯಾನ್ಸರ್ ಎದೆಗೂ ಹೋಗಿದೆ, ಅಲ್ಲಿ ಎರಡು ಸಣ್ಣ ಗಂಟುಗಳಿವೆ. ಅವಕ್ಕೆ ಕತ್ತರಿ ಬೇಡ, ಮೂರು ವಾರಕ್ಕೊಮ್ಮೆ ಡ್ರಿಪ್ ಕೊಡೋಣ ಎಂದಿದ್ದಾರೆ ಡಾಕ್ಟರಮ್ಮ. ಈ ಮದ್ದು ತಾನಾಗಿ ಗಂಟನ್ನು ಕೊಲ್ಲುವುದಿಲ್ಲವಂತೆ. ನಮ್ಮ ರಕ್ತದಲ್ಲೇ ಕಾವಲು ಕಾಯುವ ಕಣಗಳಿವೆ. ಕ್ಯಾನ್ಸರ್ ಅವುಗಳ ಕಣ್ಣಿಗೆ ಮಣ್ಣೆರಚಿ ಹಾಯಾಗಿ ಕೂತಿರುತ್ತದೆ. ಮದ್ದು ಹೋಗಿ ಆ ಮಣ್ಣು ಒರೆಸುತ್ತದೆ, ಮುಂದಿನ ಕೆಲಸ ಕಾವಲಿನವರದು. ನನಗೆ ಅರ್ಥವಾಗಿದ್ದು ಇಷ್ಟು.

ಇನ್ನೊಂದು ಸಂಗತಿ ಹೇಳಿದರು. ಆ ಕಾವಲಿನವರು ದಿನವಿಡೀ ಒಂದೇ ಕಡೆ ಇರುವುದಿಲ್ಲವಂತೆ. ಬೆಳಿಗ್ಗೆ ಒಂದು ಕಡೆ ಗುಂಪು ಸೇರುತ್ತಾರೆ, ಸಂಜೆ ಇನ್ನೊಂದು ಕಡೆ. ಬೆಳಗಿನ ಹೊತ್ತು ಡ್ರಿಪ್ ತೆಗೆದುಕೊಂಡವರಿಗೆ ಮದ್ದು ಹೆಚ್ಚು ಹಿಡಿದಂತೆ ಕೆಲವು ಕಡೆ ಕಂಡುಬಂದಿದೆ, ಆದರೆ ಇನ್ನೂ ಗಟ್ಟಿ ತೀರ್ಮಾನ ಆಗಿಲ್ಲ ಎಂದರು. ತೀರ್ಮಾನ ಆಗುವ ತನಕ ಕಾಯುತ್ತಾ ಕೂರುವುದಕ್ಕೆ ನಮ್ಮಿಂದ ಆಗುತ್ತದೆಯೇ? ನಮಗೆ ಬರೆದುಕೊಟ್ಟಿದ್ದು ಮಾತ್ರ ಸಂಜೆ ನಾಲ್ಕು ಗಂಟೆ. ಡ್ರಿಪ್ ಹಾಕುವ ಬೆಳಗಿನ ಕುರ್ಚಿಗಳೆಲ್ಲ ಭರ್ತಿ.

ಮನೆಗೆ ಬಂದು ದೇವರ ಮುಂದೆ ಕೂತೆ. ಬೇರೇನೂ ಕೇಳಲಿಲ್ಲ, ಒಂದು ಬೆಳಗಿನ ಕುರ್ಚಿ ಕೊಡಪ್ಪಾ ಎಂದೆ. ಮರುದಿನ ಹೊತ್ತು ಗೊತ್ತುಮಾಡುವ ಹೆಂಗಸಿನ ಕಿಟಕಿಯ ಮುಂದೆ ಹೋಗಿ ನಿಂತೆ. "ಎಷ್ಟು ಸಲ ಹೇಳಬೇಕಮ್ಮಾ, ಖಾಲಿ ಇಲ್ಲ" ಎನ್ನುತ್ತಿರುವಾಗಲೇ ಅವಳ ಫೋನು ರಿಂಗಾಯಿತು. ಯಾರೋ ಬೇರೆ ಊರಿನ ಆಸ್ಪತ್ರೆಗೆ ಹೋಗುತ್ತಾರಂತೆ, ಅವರ ಕುರ್ಚಿ ಬಿಟ್ಟುಕೊಟ್ಟರು. ಬೆಳಿಗ್ಗೆ ಎಂಟು ಗಂಟೆ, ಕಿಟಕಿಯ ಪಕ್ಕ. ಇದನ್ನು ಮಾಡಿದ್ದು ಯಾರು ಎಂದು ನಿನಗೆ ಬಿಡಿಸಿ ಹೇಳುವುದಿಲ್ಲ. ನೀನು ನಗುತ್ತೀಯ. ನಗು.

ನಿನ್ನ ಅಣ್ಣ ಬೇಕರಿಯ ರಾತ್ರಿ ಪಾಳಿ ಬಿಟ್ಟರೋ ಇಲ್ಲವೋ ಎಂದು ಕೇಳಿದ್ದೀಯ. ಅದನ್ನು ಅವರೇ ನಿನಗೆ ಹೇಳಿದ್ದಾರಲ್ಲ. ಚಿಂತೆ ಮಾಡಬೇಡ.

ನಿನ್ನ ಅತ್ತಿಗೆ


ಫೆಬ್ರವರಿ 19

ಅತ್ತಿಗೆಗೆ ಗುಬ್ಬಿಯ ನಮಸ್ಕಾರ.

ನಗಲಿಲ್ಲ. ನಿಮ್ಮ ದೇವರು ನಮ್ಮಣ್ಣನಿಗೆ ಕುರ್ಚಿ ಹಿಡಿದುಕೊಡುತ್ತಾನೆ ಅಂದರೆ ನನ್ನದೇನೂ ತಕರಾರಿಲ್ಲ. ಆ ಕಿಟಕಿಯ ಹೆಂಗಸು ನಿಮ್ಮ ಮುಖ ನೋಡಿ ನೋಡಿ ಸುಸ್ತಾಗಿ ಕೊಟ್ಟಿರಬಹುದು ಅಂತ ಒಂದು ಸಣ್ಣ ಅನುಮಾನ, ಅಷ್ಟೇ.

ಅಣ್ಣ ರಾತ್ರಿ ಪಾಳಿ ಬಿಟ್ಟೆ, ಹಗಲು ಪ್ಯಾಕಿಂಗಿಗೆ ಹಾಕಿದ್ದಾರೆ ಅಂತ ಬರೆಸಿದ್ದ. ಓದಿ ಎಷ್ಟು ಸಮಾಧಾನ ಆಯಿತು ಅಂದರೆ ಹೂವಿನ ಶೆಡ್ಡಿನಲ್ಲಿ ಎಲ್ಲರಿಗೂ ಟೀ ಕೊಡಿಸಿದೆ. ಒಲೆಯ ಮುಂದೆ ನಿಂತು ನಿಂತು ಮುದುಕನಾದ. ರಾತ್ರಿಯೆಲ್ಲ ಬ್ರೆಡ್ಡು ಬೇಯಿಸಿದ್ದು ಸಾಕು, ಇನ್ನು ಎಲ್ಲರ ಹಾಗೆ ರಾತ್ರಿ ಮಲಗಲಿ. ನಿಮಗೇ ಕಷ್ಟ ಪಾಪ. ಇಷ್ಟು ವರ್ಷ ಹಾಸಿಗೆಯಲ್ಲಿ ಒಬ್ಬರೇ ಹಾಯಾಗಿ ಮಲಗಿದ್ದಿರಿ, ಈಗ ಅವನ ಗೊರಕೆ. ಹೇಗೆ ತಡಕೊಳ್ಳುತ್ತೀರಿ, ಬರೆಯಿರಿ.

ನಮ್ಮಲ್ಲಿ ಸೇವಂತಿಗೆಗೆ ಕರಿಬಟ್ಟೆ ಹೊದಿಸುವ ಕೆಲಸ ಶುರುವಾಗಿದೆ. ಹಗಲು ಚಿಕ್ಕದಾದರೆ ಮಾತ್ರ ಅವು ಮೊಗ್ಗು ಬಿಡುವುದು. ಹಾಗಾಗಿ ಬಿಸಿಲು ಇನ್ನೂ ಚೆನ್ನಾಗಿ ಇರುವಾಗಲೇ ಸಾಲು ಸಾಲಿಗೆ ಬಟ್ಟೆ ಎಳೆದು, "ಕತ್ತಲಾಯ್ತು, ಮಲಗ್ರಮ್ಮಾ" ಅಂತ ಸುಳ್ಳು ಹೇಳುತ್ತೇವೆ. ನಂಬುತ್ತವೆ. ಮನುಷ್ಯರಷ್ಟು ಅನುಮಾನ ಇಲ್ಲ ಅವಕ್ಕೆ.

ಡ್ರಿಪ್ಪಿನ ಕೋಣೆ ಹೇಗಿದೆ, ಅಣ್ಣ ಅಲ್ಲಿ ಏನು ಮಾಡುತ್ತಾನೆ, ಎಲ್ಲ ಬರೆಯಿರಿ. ಚುಟುಕಾಗಿ ಬೇಡ.

ಗುಬ್ಬಿ


ಮಾರ್ಚ್ 12

ಗುಬ್ಬಿಗೆ ಆಶೀರ್ವಾದ.

ಎರಡು ಡ್ರಿಪ್ ಮುಗಿದವು. ಎಲ್ಲ ಬರೆಯಿರಿ ಎಂದೆಯಲ್ಲ, ಬರೆಯುತ್ತೇನೆ.

ಕೋಣೆ ಉದ್ದಕ್ಕಿದೆ. ಹಸಿರು ರೆಕ್ಸಿನ್ ಹೊದಿಸಿದ ದೊಡ್ಡ ಕುರ್ಚಿಗಳು, ಕಾಲು ಚಾಚಿಕೊಳ್ಳಬಹುದು. ನಮ್ಮದು ಕಿಟಕಿಯ ಪಕ್ಕ, ಹೊರಗೆ ಆಂಬುಲೆನ್ಸ್ ನಿಲ್ಲುವ ಜಾಗ ಕಾಣುತ್ತದೆ. ನರ್ಸುಗಳಲ್ಲಿ ಒಬ್ಬಳಿಗೆ ಮಂಡಿಯ ತನಕ ಜಡೆ, ಕೈ ಬಹಳ ಹಗುರ, ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ. ಬಾಗಿಲ ಹತ್ತಿರದ ಬೆಂಚಿನಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಕೂತಿರುತ್ತಾರೆ. ಅವರ ಡ್ರಿಪ್ ಇರುವುದು ಸಂಜೆ, ಆದರೂ ಬೆಳಿಗ್ಗೆಯೇ ಬಂದು ಕಾಯುತ್ತಾರೆ, ಯಾರಾದರೂ ತಪ್ಪಿಸಿಕೊಂಡರೆ ಆ ಜಾಗ ಸಿಗಲಿ ಎಂದು. "ಒಬ್ಬರ ಗೈರುಹಾಜರಿಗೆ ನಾನು ಇಷ್ಟು ಆಸೆಪಟ್ಟಿದ್ದು ಇದೇ ಮೊದಲು" ಎನ್ನುತ್ತಾರೆ.

ನಿನ್ನ ಅಣ್ಣ ಕೂತ ತಕ್ಷಣ ನಿದ್ದೆ. ಬಾಯಿ ತೆರೆದುಕೊಂಡು ಗೊರಕೆ. ಜಡೆಯ ನರ್ಸು "ಯಾಕಮ್ಮಾ, ಇಷ್ಟೊಂದು ಸುಸ್ತಾ ಇವರಿಗೆ?" ಎಂದಳು. ಇಲ್ಲಮ್ಮ, ಅವರಿಗೆ ನಿದ್ದೆ ಚೆನ್ನಾಗಿ ಬರುತ್ತದೆ ಎಂದೆ. ಸುಳ್ಳಲ್ಲವಲ್ಲ. ಕುರ್ಚಿಯ ಕೆಳಗೆ ಇವರ ಬೂಟಿನಿಂದ ಉದುರಿದ ಹಿಟ್ಟನ್ನು ಆಯಾ ಗುಡಿಸುವಾಗ ಕಾಲು ಎತ್ತಿ ಎಂದರೆ ಎಚ್ಚರವೇ ಇಲ್ಲ, ನಾನೇ ಎತ್ತಿ ಹಿಡಿದೆ.

ಸ್ಕ್ಯಾನ್ ಮಾಡಿದರು. ಒಂದು ಗಂಟು ಇದ್ದಷ್ಟೇ ಇದೆ, ಇನ್ನೊಂದು ಸ್ವಲ್ಪ ದೊಡ್ಡದಾಗಿದೆ. ಎರಡೇ ಡ್ರಿಪ್ಪಿಗೆ ಏನೂ ಹೇಳುವಂತಿಲ್ಲ, ಕೆಲವರಿಗೆ ಮೊದಲು ಹೀಗೆ ಕಂಡು ಆಮೇಲೆ ಇಳಿಯುತ್ತದೆ ಎಂದರು ಡಾಕ್ಟರಮ್ಮ. ನನಗೆ ಎಂಟು ಗಂಟೆಯ ಕುರ್ಚಿಯ ಮೇಲೆ ನಂಬಿಕೆ ಇದೆ. ಕೊಟ್ಟವನು ಅರ್ಧಕ್ಕೆ ಕೈಬಿಡುವವನಲ್ಲ.

ಅತ್ತಿಗೆ


ಮಾರ್ಚ್ 23

ಅತ್ತಿಗೆ,

ಒಂದೇ ಒಂದು ಪ್ರಶ್ನೆ. ಪ್ಯಾಕಿಂಗ್ ಮಾಡುವವನ ಬೂಟಿನಲ್ಲಿ ಹಿಟ್ಟು ಎಲ್ಲಿಂದ ಬಂತು?

ನಾನು ಚಿಕ್ಕವಳಿದ್ದಾಗ ಅಣ್ಣ ಮನೆಯೊಳಗೆ ಬರುವ ಮೊದಲು ಹಿಟ್ಟು ಉದುರಲೆಂದು ಬೂಟು ಬಾಗಿಲಿಗೆ ಬಡಿಯುತ್ತಿದ್ದ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಪ್ಯಾಕಿಂಗ್ ಕೋಣೆಯಲ್ಲಿ ಹಿಟ್ಟು ಹಾರುವುದಿಲ್ಲ. ನೆಲದ ಮೇಲೆ ಹಿಟ್ಟು ಇರುವುದು ಒಲೆಯ ಕಡೆ. ಅಂದರೆ ಅವನು ರಾತ್ರಿಯೆಲ್ಲ ಒಲೆಯ ಮುಂದೆ ನಿಂತು ಸೀದಾ ಬಂದು ನಿಮ್ಮ ಎಂಟು ಗಂಟೆಯ ಕುರ್ಚಿಯಲ್ಲಿ ಬೀಳುತ್ತಿದ್ದಾನೆ. ಗೊರಕೆ ಹೊಡೆಯದೆ ಇನ್ನೇನು ಮಾಡುತ್ತಾನೆ? ಇಬ್ಬರೂ ಸೇರಿ ನನಗೆ ಚೆನ್ನಾಗಿ ಟೋಪಿ ಹಾಕಿದಿರಿ. ನನಗೆ ಹಾಕಿದರೆ ಹಾಕಿದಿರಿ, ಡಾಕ್ಟರಿಗಾದರೂ ಹೇಳಿದ್ದೀರಾ?

ಅತ್ತಿಗೆ, ನಾನು ಓದಿದವಳಲ್ಲ. ಮದ್ದಿನ ವಿಷಯ ನನಗೇನೂ ಗೊತ್ತಿಲ್ಲ. ಆದರೆ ನಮ್ಮ ಶೆಡ್ಡಿನಲ್ಲಿ ಹೋದ ತಿಂಗಳು ಯಾರೋ ನಾಲ್ಕಾರು ರಾತ್ರಿ ಮೂಲೆಯ ದೀಪ ಆರಿಸದೆ ಹೋದರು, ಆ ಸಾಲು ಇವತ್ತಿಗೂ ಬರೀ ಎಲೆ, ಮೊಗ್ಗಿಲ್ಲ. ಆ ಕಾವಲಿನವರು ಬೆಳಿಗ್ಗೆ ಒಂದು ಕಡೆ ಗುಂಪು ಸೇರುತ್ತಾರೆ ಅಂದಿರಲ್ಲ, ಯಾರ ಬೆಳಿಗ್ಗೆ? ಊರಿನ ಬೆಳಿಗ್ಗೆಯೋ, ಅಣ್ಣನ ಬೆಳಿಗ್ಗೆಯೋ? ಎಂಟು ಗಂಟೆ ಅಂದರೆ ಅವನಿಗೆ ಮಲಗುವ ಹೊತ್ತು ಕಳೆದಿರುತ್ತದೆ.

ನನಗೆ ತಿಳಿದಷ್ಟು ಹೇಳಿದೆ. ತಪ್ಪಿದ್ದರೆ ಡಾಕ್ಟರೇ ತಪ್ಪು ಅನ್ನಲಿ. ಕೇಳಿ, ಅಷ್ಟೇ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವನು ಅವನು. ನನಗೆ ಇನ್ನೊಬ್ಬ ಇಲ್ಲ.

ಗುಬ್ಬಿ


ಏಪ್ರಿಲ್ 3

ಗುಬ್ಬಿ,

ನಿನ್ನ ಪತ್ರ ತಲುಪಿತು. ನಿನಗೆ ಇನ್ನೊಬ್ಬ ಅಣ್ಣ ಇಲ್ಲ, ನಿಜ. ನನಗೆ ಇನ್ನೊಬ್ಬ ಗಂಡ ಇದ್ದಾರೆಯೇ?

ಹೌದು, ರಾತ್ರಿ ಪಾಳಿ ಬಿಟ್ಟಿಲ್ಲ. ನಿನಗೆ ಹೇಳಬೇಡ ಎಂದರು, ಹೇಳಲಿಲ್ಲ. ಟ್ರೇ ಎತ್ತುವ ಕೆಲಸ ಬೇರೆಯವರಿಗೆ ಕೊಟ್ಟಿದ್ದಾರೆ, ಇವರು ಒಲೆ ನೋಡುವುದು ಮಾತ್ರ. ಹಗಲಿಗೆ ಬಂದರೆ ಕೊಡುವುದು ಪ್ಯಾಕೆಟ್ಟಿಗೆ ಚೀಟಿ ಅಂಟಿಸುವ ಕೆಲಸ. ನಾನು ಹೇಳದೆ ಬಿಟ್ಟಿದ್ದೇನೆ ಎಂದುಕೊಂಡೆಯಾ? ಹೇಳಿದೆ, ಕಣ್ಣೀರು ಹಾಕಿದೆ, ಜಗಳವಾಡಿದೆ. "ಒಲೆಯ ಮುಂದೆ ನಿಂತಾಗ ನಾನು ಒಲೆಯವನು. ಚೀಟಿ ಅಂಟಿಸೋಕೆ ಕೂತ ದಿನ ನಾನು ರೋಗಿ" ಎಂದರು. ಆಮೇಲೆ ನಾನು ಬಾಯಿ ಮುಚ್ಚಿದೆ.

ಡಾಕ್ಟರಮ್ಮನಿಗೆ ಏನನ್ನೂ ಮುಚ್ಚಿಟ್ಟಿಲ್ಲ. ಬೇಕರಿಯಲ್ಲಿ ಕೆಲಸ ಎಂದು ಮೊದಲ ದಿನವೇ ಹೇಳಿದ್ದೇವೆ. ಬ್ರೆಡ್ಡು ಬೇಯುವುದು ರಾತ್ರಿ ಎಂದು ಲೋಕಕ್ಕೆಲ್ಲ ಗೊತ್ತಿರುವ ವಿಷಯ. ಅದನ್ನು ಬೇರೆ ಹೇಳಬೇಕೇ?

ಇನ್ನು ಕುರ್ಚಿಯ ವಿಷಯ. ಅದು ನಾನು ಬೇಡಿಕೊಂಡು ಪಡೆದಿದ್ದು. ಮೇಷ್ಟ್ರಂಥವರು ಬಾಗಿಲಲ್ಲಿ ಕಾದು ಕೂತಿದ್ದಾರೆ. ದೇವರು ಕೈಯಲ್ಲಿಟ್ಟಿದ್ದನ್ನು ಬೇಡ ಎಂದು ಹಿಂದಕ್ಕೆ ಕೊಡುವಷ್ಟು ದೊಡ್ಡವಳಲ್ಲ ನಾನು. ನಿನ್ನ ಹೂವಿನ ಲೆಕ್ಕ ಹೂವಿಗೆ ಇರಲಿ.

ಮೂರನೆಯ ಡ್ರಿಪ್ ಆಯಿತು.

ಅತ್ತಿಗೆ


ಏಪ್ರಿಲ್ 17

ಅತ್ತಿಗೆ,

ಜೊತೆಗೆ ಒಂದು ಕಟ್ಟು ಕಳಿಸಿದ್ದೇನೆ. ಶೆಡ್ಡಿನ ಹಳೆಯ ಕರಿಬಟ್ಟೆ, ಒಗೆದು ಮಡಿಸಿದ್ದೇನೆ. ಹೇಗೆ ಸಿಕ್ಕಿತು ಅಂತ ಕೇಳಬೇಡಿ. ಅವನು ಮಲಗುವ ಕೋಣೆಯ ಕಿಟಕಿಗೆ ಕಟ್ಟಿ, ಬೆಳ್ಳಿ ಬಣ್ಣದ ಹೊಳೆಯುವ ಕಡೆ ಹೊರಗೆ. ಯಾವ ಹೊತ್ತಿಗಾದರೂ ಮಲಗಲಿ, ಮಲಗುವಾಗ ಕತ್ತಲಾದರೂ ಇರಲಿ.

ಕೋಪ ಇದ್ದರೆ ಇರಲಿ. ಬಟ್ಟೆ ಕಟ್ಟಿ.

ಗುಬ್ಬಿ


ಏಪ್ರಿಲ್ 29

ಪ್ರೀತಿಯ ಗುಬ್ಬಿಗೆ ಅತ್ತಿಗೆಯ ಆಶೀರ್ವಾದ.

ಬಟ್ಟೆ ಕಟ್ಟಿದೆ. ಮೊದಲು ಒಂದು ದಿನ ಕೋಪದಿಂದ ಅದನ್ನು ಮಂಚದ ಕೆಳಗೆ ತಳ್ಳಿದ್ದೆ. ಆಮೇಲೆ ಇವರು ಹಗಲು ನಿದ್ದೆಯಲ್ಲಿ ಮುಖದ ಮೇಲೆ ಮೊಣಕೈ ಅಡ್ಡ ಇಟ್ಟುಕೊಂಡು ಮಲಗಿದ್ದನ್ನು ನೋಡಿದೆ. ಮದುವೆಯಾದಾಗಿನಿಂದ ಹಾಗೇ ಮಲಗುತ್ತಾರೆ. ಅದು ಅವರ ಅಭ್ಯಾಸ ಎಂದುಕೊಂಡಿದ್ದೆ. ಬಟ್ಟೆ ಕಟ್ಟಿದ ದಿನ ಕೈ ಪಕ್ಕಕ್ಕೆ ಬಿತ್ತು. ಬೆಳಕಿಗೆ ಅಡ್ಡ ಇಟ್ಟುಕೊಳ್ಳುತ್ತಿದ್ದರು ಅಷ್ಟೇ. ಇಷ್ಟು ವರ್ಷ ನನಗೆ ಹೊಳೆಯಲಿಲ್ಲ ನೋಡು.

ಅದನ್ನು ನೋಡಿದ ಮೇಲೆ ನೀನು ಕೇಳಿದ್ದನ್ನು ಕೇಳದೆ ಇರಲಾಗಲಿಲ್ಲ. ಡಾಕ್ಟರಮ್ಮನ ಹತ್ತಿರ ಇಬ್ಬರೂ ಹೋದೆವು. ಅಲ್ಲಿ ಆದ ಮಾತು ಆದಂತೆಯೇ ಬರೆಯುತ್ತೇನೆ.

"ಡಾಕ್ಟ್ರೇ, ಇವರು ರಾತ್ರಿ ಪೂರಾ ಒಲೆ ಮುಂದೆ ಇರ್ತಾರೆ. ಡ್ರಿಪ್ ಮುಗಿಸ್ಕೊಂಡು ಹೋಗಿ ಮಲಗೋದು. ಅದರಿಂದ ಏನಾದ್ರೂ ಹೆಚ್ಚುಕಮ್ಮಿ ಆಗತ್ತಾ?" ಎಂದೆ.

ಆಕೆ ಪೆನ್ನು ಕೆಳಗಿಟ್ಟರು. "ಇದನ್ನ ನೀವು ಹೇಳಲೇ ಇಲ್ಲ."

"ಬೇಕರಿ ಅಂದ್ವಲ್ಲಾ."

"ಬೇಕರಿ ಅಂದ್ರೆ ನಾನು ಅಂಗಡಿ ಅಂದ್ಕೊಂಡೆ. ಕೇಕು ಕಟ್ಟಿಕೊಡೋರು ಅಂತ."

ಇವರಿಗೆ ನಗು ತಡೆಯಲಾಗಲಿಲ್ಲ. "ನೀವು ಬೆಳಿಗ್ಗೆ ತಿನ್ನೋ ಬ್ರೆಡ್ಡು ಬೆಳಿಗ್ಗೆ ಬೆಂದಿದ್ದು ಅಂದ್ಕೊಂಡಿದ್ರಾ ಡಾಕ್ಟ್ರೇ?"

"ಯೋಚನೇನೇ ಮಾಡಿರಲಿಲ್ಲ. ಕೇಳಬೇಕಿತ್ತು ನಾನು" ಎಂದು ಆಕೆಯೂ ನಕ್ಕರು. ಆಮೇಲೆ ನಗಲಿಲ್ಲ. "ರಜೆ ದಿನ ಯಾವಾಗ ಮಲಗ್ತೀರಿ?"

"ರಜೆ ದಿನ ಇವಳ ಜೊತೆ ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಹೋಗ್ತೀನಿ. ರಾತ್ರಿ ಎಲ್ಲರ ಥರ ಮಲಗ್ತೀನಿ. ಮಾರನೇ ದಿನ ಮತ್ತೆ ಒಲೆ."

ಆಗ ಆಕೆ ಬಿಡಿಸಿ ಹೇಳಿದರು. ಮೈಯೊಳಗೆ ಒಂದು ಗಡಿಯಾರ ಇದೆಯಂತೆ. ಬೆಳಕು, ನಿದ್ದೆ, ಊಟ ನೋಡಿಕೊಂಡು ಅದು ನಡೆಯುತ್ತದೆ, ಕಾವಲಿನ ಕಣಗಳು ಅದರ ಮಾತು ಕೇಳುತ್ತವೆ. ಬೆಳಗಿನ ಡ್ರಿಪ್ ಒಳ್ಳೆಯದು ಎಂದು ಕಂಡಿದ್ದು ಹೆಚ್ಚಾಗಿ ಹಗಲು ಕೆಲಸ, ರಾತ್ರಿ ನಿದ್ದೆ ಇರುವವರಲ್ಲಿ. ರಾತ್ರಿ ದುಡಿಯುವವರಿಗೆ ಯಾವ ಹೊತ್ತು ಎಂದು ಹೇಳುವಷ್ಟು ಯಾರೂ ನೋಡಿಲ್ಲ. "ನನಗೆ ಗೊತ್ತಿಲ್ಲ ಅಂತ ಹೇಳೋದೇ ಸರಿ" ಎಂದರು. "ನಿಮ್ಮ ಗಡಿಯಾರ ಈಗ ರಾತ್ರೀದೂ ಅಲ್ಲ, ಹಗಲಿಂದೂ ಅಲ್ಲ. ವಾರಕ್ಕೊಂದು ಸಲ ತಿರುಗಿಸಿ ಮತ್ತೆ ತಿರುಗಿಸ್ತಾ ಇದೀರಿ. ಮೊದಲು ಒಂದು ಕಡೆ ನಿಲ್ಲಿ. ಹಗಲಿಗೆ ಬಂದ್ರೆ ಎಂಟು ಗಂಟೆ ಕುರ್ಚಿ ಇರಲಿ, ನನಗೆ ಅದೇ ಇಷ್ಟ. ರಾತ್ರೀನೇ ಅಂತೀರಾದ್ರೆ ರಜೆ ದಿನಾನೂ ರಾತ್ರೀನೇ ಇಟ್ಕೊಳ್ಳಿ. ಡ್ರಿಪ್ ನೀವು ಎದ್ದ ಮೇಲೆ ಕೊಡೋಣ. ಅದು ಬರೀ ನನ್ನ ಅಂದಾಜು." ಕೊನೆಗೆ ನನ್ನ ಕಡೆ ತಿರುಗಿ, "ಅಮ್ಮಾ, ಕೆಲಸ ಮಾಡೋದು ಮದ್ದು. ಹೊತ್ತು ಅದರ ಮೇಲೊಂದು ಸಣ್ಣ ಸಹಾಯ ಆಗಬಹುದು, ಆಗದೇನೂ ಇರಬಹುದು. ಇದನ್ನ ತಲೆ ಮೇಲೆ ಹೊತ್ಕೊಂಡು ಕೂರಬೇಡಿ" ಎಂದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು.

"ಬಿಟ್ಬಿಡ್ತೀನಿ ಕಣೇ" ಎಂದರು ಇವರು. "ಚೀಟಿ ಅಂಟಿಸ್ತೀನಿ. ಡಾಕ್ಟ್ರಿಗೆ ಅದೇ ಇಷ್ಟ ಅಂದ್ರಲ್ಲ."

ಗುಬ್ಬಿ, ಇಷ್ಟು ದಿನ ನಾನು ಒಳಗೊಳಗೇ ಬೇಡಿಕೊಂಡಿದ್ದು ಆ ಮಾತನ್ನೇ. ಅದು ಬಂತು. ಬಂದಾಗ ಅವರು ನೆಲ ನೋಡುತ್ತಿದ್ದರು. ಆಪರೇಷನ್ನಿಗೆ ಮಲಗಿಸಿ ತಳ್ಳಿಕೊಂಡು ಹೋಗುವಾಗಲೂ ಆ ಮುಖ ಅಷ್ಟು ಸೋತಿರಲಿಲ್ಲ.

ಒಂದು ದಿನ ಸಮಯ ಕೊಡಿ ಎಂದೆ. ದೇವರ ಮುಂದೆ ಕೂತು ಎರಡರಲ್ಲಿ ಯಾವುದು ಎಂದು ಕೇಳಿದೆ. ಉತ್ತರವೇನೂ ಬರಲಿಲ್ಲ. ಬರದೆ ಇದ್ದಾಗ ಒಂದು ವಿಷಯ ಹೊಳೆಯಿತು. ಮೊದಲು ನಮಗೆ ತಾನಾಗಿ ಸಿಕ್ಕಿದ್ದು ಸಂಜೆ ನಾಲ್ಕು ಗಂಟೆ. ಇವರು ಎದ್ದು ಮುಖ ತೊಳೆದು ಟೀ ಕುಡಿಯುವ ಹೊತ್ತು ಅದು. ಬೇಡ ಬೇಡ ಎಂದು ಅತ್ತು ಕರೆದು ತಿದ್ದಿಸಿಕೊಂಡು ಬಂದವಳು ನಾನು. ದೇವರು ಬೆಳಗಿನ ಪಾಳಿಯಲ್ಲಿ ಮಾತ್ರ ಇರುತ್ತಾನೆ ಎಂದು ನನಗೆ ಯಾರು ಹೇಳಿದ್ದರು?

ಇವತ್ತು ಹೊತ್ತು ಗೊತ್ತುಮಾಡುವ ಹೆಂಗಸಿನ ಹತ್ತಿರ ಹೋಗಿ ಎಂಟು ಗಂಟೆಯ ಕುರ್ಚಿ ವಾಪಸು ಕೊಟ್ಟೆ. "ಏನಮ್ಮಾ, ಇದೇ ಬೇಕು ಅಂತ ನನ್ನ ಪ್ರಾಣ ತಿಂದಿದ್ರಿ?" ಎಂದಳು. ತಪ್ಪಾಯಿತಮ್ಮ, ನಾಲ್ಕಕ್ಕೆ ಹಾಕು ಎಂದೆ. ಬೆಳಗಿನ ಕುರ್ಚಿ ಮೇಷ್ಟ್ರಿಗೆ ಹೋಯಿತು. ಅವರು ನನಗೆ ಕೈ ಮುಗಿದುಬಿಟ್ಟರು. ನಾನು ದಾನವೇನೂ ಮಾಡಲಿಲ್ಲ ಎಂದು ಹೇಳುವಷ್ಟರಲ್ಲಿ ಹೊರಟುಹೋಗಿದ್ದರು.

ಇವರಿಗೆ ಹೇಳಿದೆ. "ಒಲೆ ಇಟ್ಟುಕೊಳ್ಳಿ. ಆದರೆ ರಜೆ ದಿನ ನನ್ನ ಜೊತೆ ಪ್ರಾರ್ಥನೆಗೆ ಬರಬೇಡಿ, ಮನೆಯಲ್ಲಿ ಬಟ್ಟೆ ಎಳೆದುಕೊಂಡು ಮಲಗಿ." ನನ್ನ ಬಾಯಲ್ಲಿ ಅಂಥ ಮಾತು ಕೇಳಿ ನಿನ್ನ ಅಣ್ಣ ನನಗೆ ಜ್ವರ ಇದೆಯೇ ಎಂದು ಹಣೆ ಮುಟ್ಟಿ ನೋಡಿದರು.

ಸರಿ ಮಾಡಿದೆನೋ ಇಲ್ಲವೋ ತಿಳಿಯದು. ನಿನಗೆ ಹೇಳದೆ ಇನ್ನು ಏನೂ ಇಟ್ಟುಕೊಳ್ಳುವುದಿಲ್ಲ.

ಅತ್ತಿಗೆ


ಮೇ 11

ಅತ್ತಿಗೆಗೆ ನಮಸ್ಕಾರ.

ನಿಮ್ಮ ಪತ್ರ ಮೂರು ಸಲ ಓದಿದೆ. ಈಗ ನನಗೇ ಹೆದರಿಕೆ. ಡಾಕ್ಟರಿಗೆ ಹಗಲೇ ಇಷ್ಟ ಅಂದಿದ್ದಾರೆ, ನೀವು ರಾತ್ರಿ ಹಿಡಿದಿರಿ. ನಾನು ಕೇಳಿ ಅಂದೆ ಅಷ್ಟೇ, ಕುರ್ಚಿ ಕೊಟ್ಟುಬಿಡಿ ಅನ್ನಲಿಲ್ಲವಲ್ಲ? ನಾಳೆ ಏನಾದರೂ ಆದರೆ ಹೂವಿನವಳ ಮಾತು ಕೇಳಿ ಕೆಟ್ಟೆವು ಅಂತೀರಾ? ಅನ್ನಿ. ಆದರೆ ನನ್ನ ಮುಖಕ್ಕೇ ಅನ್ನಿ.

ಅಣ್ಣನಿಗೆ ಹೇಳಿ, ನನಗೆ ಸುಳ್ಳು ಬರೆಸಿದ್ದಕ್ಕೆ ಅವನ ಮೇಲೆ ಇನ್ನೂ ಕೋಪ ಇದೆ. ಬಂದಾಗ ತೀರಿಸಿಕೊಳ್ಳುತ್ತೇನೆ. ಅದಕ್ಕಾದರೂ ಅವನು ಚೆನ್ನಾಗಿರಬೇಕು.

ನಾಲ್ಕು ಗಂಟೆಗೆ ನಮ್ಮಲ್ಲಿ ಬಟ್ಟೆ ಎಳೆಯುವ ಹೊತ್ತು. ಅವನ ಡ್ರಿಪ್ ಇದ್ದ ದಿನ ಹಗ್ಗ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಪ್ರಾರ್ಥನೆ ಅಂತ ತಿಳಿದುಕೊಳ್ಳಬೇಡಿ. ನಿಂತೆ, ಅಷ್ಟೇ. ಶೆಡ್ಡಿನ ಮೇಸ್ತ್ರಿ ಬೈದ.

ಗುಬ್ಬಿ


ಜುಲೈ 20

ಪ್ರೀತಿಯ ಗುಬ್ಬಿಗೆ ಅತ್ತಿಗೆಯ ಆಶೀರ್ವಾದ.

ತಡವಾಗಿ ಬರೆಯುತ್ತಿದ್ದೇನೆ. ಸ್ಕ್ಯಾನ್ ಆಗುವ ತನಕ ಬರೆಯಬಾರದು ಎಂದುಕೊಂಡಿದ್ದೆ. ಮೊನ್ನೆ ಆಯಿತು.

ದೊಡ್ಡದಾಗಿದ್ದ ಗಂಟು ಇಳಿದಿದೆ, ಮೊದಲಿಗಿಂತಲೂ ಸಣ್ಣದು. ಇನ್ನೊಂದು ಇದ್ದ ಹಾಗೇ ಇದೆ, ಬೆಳೆದಿಲ್ಲ. ಹೊಸದು ಯಾವುದೂ ಇಲ್ಲ. ಡ್ರಿಪ್ ಮುಂದುವರಿಯುತ್ತದೆ. ವಾಸಿಯಾಯಿತು ಎಂದು ಯಾರೂ ಹೇಳಿಲ್ಲ, ನೀನೂ ಹಾಗೆಂದು ಟೀ ಕೊಡಿಸಬೇಡ.

ನಾಲ್ಕು ಗಂಟೆಯಿಂದ ಹೀಗಾಯಿತೇ ಎಂದು ಕೇಳಿದೆ. "ಹೇಳೋಕಾಗಲ್ಲಮ್ಮ. ಎಂಟು ಗಂಟೆಗೇ ಕೊಟ್ಟಿದ್ರೂ ಹೀಗೇ ಆಗ್ತಿತ್ತೋ ಏನೋ. ಒಬ್ಬರನ್ನ ನೋಡಿ ತೀರ್ಮಾನ ಮಾಡೋಕೆ ಬರಲ್ಲ" ಎಂದರು ಡಾಕ್ಟರಮ್ಮ. ಆದರೆ ಈಗ ಹೊಸಬರು ಯಾರು ಬಂದರೂ ರಾತ್ರಿ ಕೆಲಸವೋ ಹಗಲು ಕೆಲಸವೋ ಎಂದು ಮೊದಲು ಕೇಳುತ್ತಾರಂತೆ, ಜಡೆಯ ನರ್ಸು ಹೇಳಿದಳು. ಇವರು ಈಗ ಕುರ್ಚಿಯಲ್ಲಿ ಗೊರಕೆ ಹೊಡೆಯುವುದಿಲ್ಲ. ಅವಳ ತಲೆ ತಿನ್ನುತ್ತಾರೆ. ಗೊರಕೆಯೇ ವಾಸಿ ಇತ್ತು ಎನ್ನುತ್ತಾಳೆ.

ರಜೆ ದಿನ ಬೆಳಿಗ್ಗೆ ಪ್ರಾರ್ಥನೆಗೆ ಒಬ್ಬಳೇ ಹೋಗುತ್ತೇನೆ. ಪಕ್ಕದಲ್ಲಿ ಅವರ ಜಾಗ ಖಾಲಿ ಇರುವುದು ಮೊದಮೊದಲು ಬಹಳ ಕಷ್ಟವಾಯಿತು. ಯಾರಾದರೂ ಕೇಳಿದರೆ ಮಲಗಿದ್ದಾರೆ ಎನ್ನುತ್ತೇನೆ. ಕೇಳಿದವರ ಕಣ್ಣಿನಲ್ಲಿ ನಾನು ನಾಸ್ತಿಕನ ಹೆಂಡತಿ ಆಗಿದ್ದೇನೆ.

ದಿನವೂ ಮಧ್ಯಾಹ್ನದ ಮೇಲೆ ಇವರು ಏಳುವ ಹೊತ್ತಿಗೆ ನಾನು ಕೋಣೆಗೆ ಹೋಗಿ ನಿನ್ನ ಬಟ್ಟೆ ಸರಿಸುತ್ತೇನೆ. ಬೆಳಕು ಮೊದಲು ಅವರ ಕಾಲಿಗೆ ಬೀಳುತ್ತದೆ, ಆಮೇಲೆ ಎದೆಗೆ, ಆಮೇಲೆ ಮುಖಕ್ಕೆ. ಅವರು ಎದ್ದು ಕೂರುತ್ತಾರೆ. ಬೆಳಿಗ್ಗೆ ಹೇಳುವ ಪ್ರಾರ್ಥನೆಯನ್ನೇ ಇಬ್ಬರೂ ಅಲ್ಲಿ ಮಂಚದ ಮೇಲೆ ಕೂತು ಇನ್ನೊಂದು ಸಲ ಹೇಳುತ್ತೇವೆ. "ಬೆಳಗಾಯಿತು, ಕಾಪಾಡು" ಎಂದು ಅದರಲ್ಲಿ ಬರುತ್ತದೆ. ಹೊರಗೆ ಶಾಲೆಯ ಮಕ್ಕಳು ಮನೆಗೆ ವಾಪಸು ಬರುವ ಗದ್ದಲ. ಮೊದಲ ದಿನ ನನಗೆ ನಗು ಬಂತು. ಈಗ ಬರುವುದಿಲ್ಲ. ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಸಲ ಬೆಳಗಾಗುತ್ತದೆ.

ಬಟ್ಟೆಯ ಒಂದು ಮೂಲೆ ಹರಿದಿದೆ. ಬರುವಾಗ ಇನ್ನೊಂದು ತುಂಡು ತಾ. ಹೇಗೆ ಸಿಕ್ಕಿತು ಎಂದು ಕೇಳುವುದಿಲ್ಲ.

ಅತ್ತಿಗೆ